ಇಂಗ್ಲಿಷ್ ವ್ಯಾಕರಣದ ಅದೇ ಡೌಟುಗಳು: ಕನ್ನಡ ಬಲ್ಲವರು ಹಂತ ಹಂತವಾಗಿ ಬಗೆಹರಿಸಿಕೊಳ್ಳುವುದು ಹೇಗೆ

‘ಹ್ಯಾವ್’ ಎಲ್ಲಿ ಹಾಕಬೇಕು, ‘ಹ್ಯಾಡ್’ ಎಲ್ಲಿ? ‘ದ’ ಯಾವಾಗ ಬೇಕು, ಯಾವಾಗ ಬೇಡ? ‘ಸಿನ್ಸ್’ ಸರಿಯೋ ‘ಫ್ರಮ್’ ಸರಿಯೋ? ಇಂಗ್ಲಿಷ್ ಕಲಿಯುತ್ತಿರುವ ಓದುಗರು ಮತ್ತೆ ಮತ್ತೆ ಕೇಳುವುದು ಇವನ್ನೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಿಮ್ಮದೇ ವಾಕ್ಯ ಎದುರಿಗಿಟ್ಟುಕೊಂಡು ಒಂದೊಂದೇ ಹಂತ ದಾಟುತ್ತಾ ಹೋಗಿ.

ಶುರುಮಾಡುವ ಮುಂಚೆ ಒಂದು ಮಾತು. ನಮ್ಮ ಇಂಗ್ಲಿಷಿನ ಬಹಳಷ್ಟು ತಪ್ಪುಗಳು ದಡ್ಡತನದಿಂದ ಬಂದವಲ್ಲ. ಕನ್ನಡದ ವ್ಯಾಕರಣ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ, ಇಂಗ್ಲಿಷ್ ಮಾತಾಡುವಾಗಲೂ ಅದೇ ಕೆಲಸ ಮಾಡುತ್ತದೆ. ಹಾಗಾಗಿ ಇಂಗ್ಲಿಷಿನವರಿಗಾಗಿ ಬರೆದ ನಿಯಮಗಳನ್ನು ಎಷ್ಟು ಬಾಯಿಪಾಠ ಮಾಡಿದರೂ ಅದೇ ತಪ್ಪು ಮತ್ತೆ ಬರುತ್ತದೆ. ಕನ್ನಡ ಎಲ್ಲಿ ದಾರಿ ತಪ್ಪಿಸುತ್ತದೆ, ಎಲ್ಲಿ ಕೈಹಿಡಿಯುತ್ತದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಕೈಹಿಡಿಯುವ ಜಾಗಗಳು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇವೆ.

ಏನೇನು ಬೇಕು

ಒಂದು ನೋಟ್‌ಬುಕ್. ನೀವೇ ಇತ್ತೀಚೆಗೆ ಬರೆದ ಇಪ್ಪತ್ತು ಇಂಗ್ಲಿಷ್ ವಾಕ್ಯಗಳು: ಮೆಸೇಜು, ಇಮೇಲು, ಅರ್ಜಿ, ಯಾವುದಾದರೂ ಸರಿ. ಪುಸ್ತಕದ ಅಭ್ಯಾಸದ ವಾಕ್ಯಗಳು ಬೇಡ, ಅವು ಬೇರೆಯವರ ತಪ್ಪುಗಳು. ಜೊತೆಗೆ ಒಂದು ಲರ್ನರ್ಸ್ ಡಿಕ್ಷನರಿ, ಅಂದರೆ ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುವವರಿಗೆಂದೇ ಮಾಡಿದ ನಿಘಂಟು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಮೂರರದ್ದೂ ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತವೆ. ಮಾಮೂಲಿ ನಿಘಂಟು ಅರ್ಥ ಹೇಳಿ ಸುಮ್ಮನಾಗುತ್ತದೆ. ಲರ್ನರ್ಸ್ ಡಿಕ್ಷನರಿ ಆ ಪದವನ್ನು ಎಣಿಸಬಹುದೋ ಇಲ್ಲವೋ, ಅದರ ಮುಂದೆ ಏನು ಬರಬೇಕು ಅನ್ನುವುದನ್ನೂ ಉದಾಹರಣೆ ಸಮೇತ ತೋರಿಸುತ್ತದೆ.

ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಬಾಯಿಬಿಟ್ಟು ಓದಿ. ಕಣ್ಣು ಬಿಟ್ಟುಬಿಡುವ ತಪ್ಪನ್ನು ಕಿವಿ ಹಿಡಿಯುತ್ತದೆ.

1. ವಾಕ್ಯದಲ್ಲಿ ಕರ್ತೃ ಇದೆಯಾ, ಕ್ರಿಯಾಪದ ಇದೆಯಾ ನೋಡಿ

ಕನ್ನಡದಲ್ಲಿ ‘ಬಂದೆ’ ಅಂದರೆ ಸಾಕು, ‘ನಾನು’ ಅದರೊಳಗೇ ಇದೆ. ‘ಅವನು ಡಾಕ್ಟರ್’ ಅಂದರೂ ಸಾಕು, ಕ್ರಿಯಾಪದವೇ ಬೇಡ. ಇಂಗ್ಲಿಷಿನಲ್ಲಿ ಎರಡೂ ಬೇಕೇ ಬೇಕು. ಹೇಳುವುದಕ್ಕೆ ಕರ್ತೃವೇ ಇಲ್ಲದಿದ್ದರೂ ‘ಇಟ್’ ಅನ್ನುವ ಖಾಲಿ ಪದವನ್ನು ತಂದು ಕೂರಿಸುತ್ತಾರೆ. ‘ಮಳೆ ಬರುತ್ತಿದೆ’ ಅನ್ನುವುದು ‘ಇಟ್ ಈಸ್ ರೇನಿಂಗ್’ ಆಗುತ್ತದೆ, ‘ರೇನ್ ಈಸ್ ಕಮಿಂಗ್’ ಅಲ್ಲ. ‘ಈಸ್ ಡಿಫಿಕಲ್ಟ್ ಟು ಫೈಂಡ್’ ಅಂತ ಬರೆದಿದ್ದರೆ ಮುಂದೆ ಒಂದು ‘ಇಟ್’ ಸೇರಿಸಿ. ಇಷ್ಟೇ, ಮುಂದಕ್ಕೆ ಹೋಗೋಣ.

2. ಕಾಲದ ಗುರುತು ಒಂದೇ ಕಡೆ ಇದೆಯಾ ನೋಡಿ

‘ಐ ಡಿಡ್ ನಾಟ್ ವೆಂಟ್.’ ‘ಡಿಡ್ ಯು ಸಾ ಇಟ್?’ ಈ ತಪ್ಪು ಎಷ್ಟು ಸಲ ತಿದ್ದಿದರೂ ಮರಳಿ ಬರುತ್ತದೆ ಅಂತ ಬೇಜಾರು ಮಾಡಿಕೊಳ್ಳುವವರು ಬಹಳ ಮಂದಿ. ಆದರೆ ಈ ನಿಯಮ ಕನ್ನಡದಲ್ಲಿ ಆಗಲೇ ಇದೆ!

‘ಹೋದೆ’ ಅನ್ನುವುದಕ್ಕೆ ಇಲ್ಲ ಸೇರಿಸಿ ನೋಡಿ. ಯಾರೂ ‘ಹೋದೆನಿಲ್ಲ’ ಅನ್ನುವುದಿಲ್ಲ, ‘ಹೋಗಲಿಲ್ಲ’ ಅನ್ನುತ್ತೇವೆ. ‘ಹೋದೆ’ಯಲ್ಲಿದ್ದ ಭೂತಕಾಲದ ಗುರುತು ಮಾಯವಾಗಿ ಕ್ರಿಯಾಪದ ತನ್ನ ಮೂಲ ರೂಪ ‘ಹೋಗು’ಗೆ ಮರಳಿತು ಅಲ್ವಾ? ಇಂಗ್ಲಿಷ್ ಮಾಡುವುದೂ ಇದನ್ನೇ. ‘ವೆಂಟ್’ನಲ್ಲಿದ್ದ ಭೂತಕಾಲ ‘ಡಿಡ್’ಗೆ ಹೋಯಿತು, ಉಳಿದದ್ದು ಬರೀ ‘ಗೋ’. ‘ಐ ಡಿಡ್ ನಾಟ್ ಗೋ’ ಅಂದರೆ ‘ಹೋಗಲಿಲ್ಲ’. ‘ಡಿಡ್ ನಾಟ್ ವೆಂಟ್’ ಅಂದರೆ ‘ಹೋದೆನಿಲ್ಲ’ ಅಂದಷ್ಟೇ ವಿಚಿತ್ರ. ಒಮ್ಮೆ ಹೀಗೆ ಕೇಳಿಸಿಕೊಂಡರೆ ಮತ್ತೆ ತಪ್ಪುವುದು ಕಡಿಮೆ.

‘ಡಸ್’ ಬಂದಾಗಲೂ ಹಾಗೇ. ‘ಹಿ ಗೋಸ್’ನ ಕೊನೆಯ ‘ಸ್’ ‘ಡಸ್’ಗೆ ಹಾರುತ್ತದೆ: ‘ಡಸ್ ಹಿ ಗೋ?’, ‘ಹಿ ಡಸ್ ನಾಟ್ ಗೋ’. ‘ಕ್ಯಾನ್’, ‘ವಿಲ್’, ‘ಮಸ್ಟ್’, ‘ಶುಡ್’ ಇವೂ ಸಹಾಯಕ ಕ್ರಿಯಾಪದಗಳೇ, ಅಂದರೆ ಮುಖ್ಯ ಕ್ರಿಯಾಪದದ ಮುಂದೆ ನಿಂತು ಕಾಲವನ್ನೋ ಸಾಧ್ಯತೆಯನ್ನೋ ಹೇಳುವ ಪದಗಳು. ಇವುಗಳಾದ ಮೇಲೂ ಮೂಲ ರೂಪವೇ ಬರಬೇಕು. ‘ಕ್ಯಾನ್ ಏಬಲ್ ಟು’ ಅಂತ ಎರಡನ್ನೂ ಒಟ್ಟಿಗೆ ಹಾಕಬೇಡಿ. ‘ಕ್ಯಾನ್ ಡೂ’ ಅನ್ನಿ, ಇಲ್ಲವೇ ‘ಆ್ಯಮ್ ಏಬಲ್ ಟು ಡೂ’ ಅನ್ನಿ.

3. ‘ಮಾಡಿದೆ, ಮಾಡಿದ್ದೇನೆ, ಮಾಡಿದ್ದೆ’ ಪರೀಕ್ಷೆ

ಅತಿ ಹೆಚ್ಚು ಪ್ರಶ್ನೆ ಬರುವುದು ಇಲ್ಲಿಂದ. ನಿಧಾನವಾಗಿ ಓದಿ.

‘ಐ ಡಿಡ್’, ‘ಐ ಹ್ಯಾವ್ ಡನ್’, ‘ಐ ಹ್ಯಾಡ್ ಡನ್’ ಮೂರಕ್ಕೂ ಕನ್ನಡದಲ್ಲಿ ಜೋಡಿ ಇದೆ: ಮಾಡಿದೆ, ಮಾಡಿದ್ದೇನೆ, ಮಾಡಿದ್ದೆ. ‘ಕೆಲಸ ಮುಗಿಸಿದೆ’ ಅಂದರೆ ಆಗ ನಡೆದ ಒಂದು ಘಟನೆ. ‘ಕೆಲಸ ಮುಗಿಸಿದ್ದೇನೆ’ ಅಂದರೆ ಅದರ ಫಲ ಈಗಲೂ ಇದೆ, ಬೇಕಾದರೆ ನೋಡಿ ಅನ್ನುವ ಭಾವ. ಇಂಗ್ಲಿಷಿನ ‘ಹ್ಯಾವ್’ ಕೂಡ ಹೇಳುವುದು ಇದನ್ನೇ, ಹಿಂದೆ ನಡೆದದ್ದಕ್ಕೂ ಈ ಕ್ಷಣಕ್ಕೂ ಗಂಟು ಹಾಕುತ್ತದೆ. ‘ಅವನು ಪೇಟೆಗೆ ಹೋಗಿದ್ದಾನೆ’ ಅಂದರೆ ಇನ್ನೂ ಅಲ್ಲೇ ಇದ್ದಾನೆ, ‘ಹಿ ಹ್ಯಾಸ್ ಗಾನ್’. ‘ಹೋಗಿ ಬಂದಿದ್ದಾನೆ’ ಅಂದರೆ ‘ಹಿ ಹ್ಯಾಸ್ ಬೀನ್’. ಈ ‘ಗಾನ್’ ಮತ್ತು ‘ಬೀನ್’ ವ್ಯತ್ಯಾಸಕ್ಕೆ ಪುಸ್ತಕಗಳು ಪುಟಗಟ್ಟಲೆ ಬರೆಯುತ್ತವೆ, ಕನ್ನಡದಲ್ಲಿ ಒಂದು ‘ಬಂದು’ ಸೇರಿಸಿದರೆ ಆಯಿತು.

ಹಾಗಾದರೆ ತಪ್ಪುವುದು ಎಲ್ಲಿ? ಎರಡು ಕಡೆ.

ಮೊದಲನೆಯದು, ಕನ್ನಡದಲ್ಲಿ ‘ನಿನ್ನೆ ನೋಡಿದ್ದೇನೆ’ ಅನ್ನಬಹುದು, ಯಾರ ಕಿವಿಗೂ ಚುಚ್ಚುವುದಿಲ್ಲ. ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಸೀನ್ ಇಟ್ ಯೆಸ್ಟರ್ಡೇ’ ತಪ್ಪು. ಬಾಗಿಲು ಮುಚ್ಚಿದ ಕಾಲವನ್ನು ಹೆಸರು ಹಿಡಿದು ಹೇಳಿದ ಕೂಡಲೇ ‘ಹ್ಯಾವ್’ ಹೊರಗೆ ಹೋಗುತ್ತದೆ. ಯೆಸ್ಟರ್ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 2015, ಇವೆಲ್ಲ ಬಾಗಿಲು ಮುಚ್ಚಿದ ಕಾಲಗಳು. ಇವು ಕಂಡರೆ ‘ಐ ಸಾ ಇಟ್’ ಅಂತಲೇ ಬರೆಯಿರಿ. ‘ವೆನ್’ ಅಂತ ಕೇಳುವಾಗಲೂ ಇದೇ ಲೆಕ್ಕ. ‘ವೆನ್ ಹ್ಯಾವ್ ಯು ಕಮ್?’ ಅಲ್ಲ, ‘ವೆನ್ ಡಿಡ್ ಯು ಕಮ್?’ ಅದೇ ಎವರ್, ನೆವರ್, ಯೆಟ್, ಸೋ ಫಾರ್, ದಿಸ್ ವೀಕ್ ಇವುಗಳ ಬಾಗಿಲು ಇನ್ನೂ ತೆರೆದಿದೆ, ಇಲ್ಲಿ ‘ಹ್ಯಾವ್’ ಒಗ್ಗುತ್ತದೆ. ಅಮೆರಿಕದವರು ‘ಡಿಡ್ ಯು ಈಟ್ ಯೆಟ್?’ ಅನ್ನುವುದನ್ನು ಕೇಳಿ ಗಾಬರಿಯಾಗಬೇಡಿ, ಬ್ರಿಟನ್ನಿನವರು ಅದನ್ನೇ ‘ಹ್ಯಾವ್ ಯು ಈಟನ್ ಯೆಟ್?’ ಅನ್ನುತ್ತಾರೆ. ಎರಡೂ ಸರಿ.

ಎರಡನೆಯದು ‘ಹ್ಯಾಡ್’, ನಾವೆಲ್ಲ ಬೇಡದ ಕಡೆ ಧಾರಾಳವಾಗಿ ಬಳಸುವ ಪದ. ‘ನಿನ್ನೆ ಲೈಬ್ರರಿಗೆ ಹೋಗಿದ್ದೆ’ ಅನ್ನುವುದು ಅಚ್ಚ ಕನ್ನಡ. ಹೋಗಿ, ಕೆಲಸ ಮುಗಿಸಿ, ವಾಪಸ್ ಬಂದೆ ಅನ್ನುವುದೆಲ್ಲ ಆ ‘ಇದ್ದೆ’ಯಲ್ಲಿದೆ. ಅದನ್ನು ಹಾಗೇ ಎತ್ತಿ ‘ಯೆಸ್ಟರ್ಡೇ ಐ ಹ್ಯಾಡ್ ಗಾನ್ ಟು ದ ಲೈಬ್ರರಿ’ ಅಂದರೆ ಇಂಗ್ಲಿಷ್ ಕಿವಿ ಮುಂದಿನ ವಾಕ್ಯಕ್ಕೆ ಕಾಯುತ್ತಾ ಕೂರುತ್ತದೆ: ಹೋಗಿದ್ದೆ, ಆಮೇಲೆ? ಯಾವುದಕ್ಕಿಂತ ಮುಂಚೆ? ‘ಹ್ಯಾಡ್ ಗಾನ್’ ಒಂಟಿಯಾಗಿ ನಿಲ್ಲುವುದಿಲ್ಲ. ಹಿಂದೆ ನಡೆದ ಎರಡು ಸಂಗತಿಗಳಿದ್ದು, ಅವುಗಳಲ್ಲಿ ಮೊದಲು ನಡೆದದ್ದು ಯಾವುದು ಅಂತ ತೋರಿಸಬೇಕಾದಾಗ ಮಾತ್ರ ಅದು ಬೇಕು.

ಈ ಎರಡು ವಾಕ್ಯ ನೋಡಿ. ‘ನಾನು ಹೋದಾಗ ರೈಲು ಹೊರಟಿತು.’ ‘ನಾನು ಹೋದಾಗ ರೈಲು ಹೊರಟಿತ್ತು.’ ಕೊನೆಯಲ್ಲಿ ಒಂದು ತಕಾರದ ಒತ್ತು, ಅಷ್ಟೇ ವ್ಯತ್ಯಾಸ. ಮೊದಲನೆಯದರಲ್ಲಿ ರೈಲು ಕಣ್ಣೆದುರಿಗೆ ಹೊರಡುತ್ತದೆ, ‘ದ ಟ್ರೇನ್ ಲೆಫ್ಟ್’. ಎರಡನೆಯದರಲ್ಲಿ ಪ್ಲಾಟ್‌ಫಾರ್ಮ್ ಆಗಲೇ ಖಾಲಿ, ‘ದ ಟ್ರೇನ್ ಹ್ಯಾಡ್ ಲೆಫ್ಟ್’. ‘ಹ್ಯಾಡ್’ ಬೇಕೋ ಬೇಡವೋ ಅಂತ ಅನುಮಾನ ಬಂದಾಗಲೆಲ್ಲ ಈ ಖಾಲಿ ಪ್ಲಾಟ್‌ಫಾರ್ಮ್ ನೆನಪಿಸಿಕೊಳ್ಳಿ. ‘ಅಷ್ಟರಲ್ಲಿ ಆಗಲೇ’ ಅಂತ ಸೇರಿಸಿದರೆ ಅರ್ಥ ಕೂಡುತ್ತದಾ? ಕೂಡಿದರೆ ‘ಹ್ಯಾಡ್’, ಇಲ್ಲದಿದ್ದರೆ ಬರೀ ಭೂತಕಾಲ.

4. ‘ಇಂದ’ ಬಂದ ಕಡೆ ನಿಲ್ಲಿ

ನಮ್ಮ ‘ಇಂದ’ ತುಂಬಾ ದುಡಿಯುವ ಪ್ರತ್ಯಯ. ಮನೆಯಿಂದ, ಚಾಕುವಿನಿಂದ, ಜ್ವರದಿಂದ, ನಾಲ್ಕು ವರ್ಷದಿಂದ, ಸೋಮವಾರದಿಂದ, ಎಲ್ಲಕ್ಕೂ ಅದೊಂದೇ. ಇಂಗ್ಲಿಷಿನಲ್ಲಿ ಇವು ಬೇರೆ ಬೇರೆ ಪದಗಳು. ಎಲ್ಲವನ್ನೂ ‘ಫ್ರಮ್’ ಮಾಡಿದಾಗಲೇ ‘ಐ ಆ್ಯಮ್ ವರ್ಕಿಂಗ್ ಹಿಯರ್ ಫ್ರಮ್ ಫೋರ್ ಇಯರ್ಸ್’ ಹುಟ್ಟುವುದು.

ಸರಿಪಡಿಸುವುದು ಹೀಗೆ. ‘ಇಂದ’ ಅಂಟಿರುವುದು ಕಾಲದ ಅಳತೆಗಾ, ಇಲ್ಲಾ ಶುರುವಾದ ಬಿಂದುವಿಗಾ? ನಾಲ್ಕು ವರ್ಷ ಅಳತೆ, ಅದಕ್ಕೆ ‘ಫಾರ್’. ಸೋಮವಾರ, 2021, ಬೆಳಿಗ್ಗೆ ಇವು ಶುರುವಾದ ಬಿಂದುಗಳು, ಇವಕ್ಕೆ ‘ಸಿನ್ಸ್’. ಕೆಲಸ ಈಗಲೂ ನಡೆಯುತ್ತಿದ್ದರೆ ಕ್ರಿಯಾಪದವನ್ನೂ ಬದಲಿಸಬೇಕು. ಕನ್ನಡ ‘ಮಾಡುತ್ತಿದ್ದೇನೆ’ ಅಂತ ವರ್ತಮಾನದಲ್ಲೇ ಹೇಳಿ ಮುಗಿಸುತ್ತದೆ, ಇಂಗ್ಲಿಷ್ ಅಲ್ಲಿ ‘ಹ್ಯಾವ್ ಬೀನ್’ ಕೇಳುತ್ತದೆ. ಹಾಗಾಗಿ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೋರ್ ಇಯರ್ಸ್’, ಇಲ್ಲವೇ ‘ಸಿನ್ಸ್ 2021’. ಕಾಲದ ವಿಷಯದಲ್ಲಿ ‘ಫ್ರಮ್’ ಹೆಚ್ಚಾಗಿ ಬೇಕಾಗುವುದು ಕೊನೆಯನ್ನೂ ಹೇಳುವಾಗ: ‘ಫ್ರಮ್ ನೈನ್ ಟು ಫೈವ್’.

ಕಾಲದ ಬಗ್ಗೆ ಇನ್ನೂ ಮೂರು ಚಿಕ್ಕ ಎಚ್ಚರಿಕೆಗಳು. ‘ನಾಲ್ಕು ವರ್ಷ ಮುಂಚೆ’ ಅನ್ನುವುದು ‘ಬಿಫೋರ್ ಫೋರ್ ಇಯರ್ಸ್’ ಅಲ್ಲ, ‘ಫೋರ್ ಇಯರ್ಸ್ ಅಗೋ’. ‘ಎರಡು ದಿನ ಬಿಟ್ಟು ಬರುತ್ತೇನೆ’ ಅನ್ನುವುದಕ್ಕೆ ‘ಆಫ್ಟರ್ ಟೂ ಡೇಸ್’ಗಿಂತ ‘ಇನ್ ಟೂ ಡೇಸ್’ ಸಹಜ. ಇನ್ನು ‘ಬೈ’ ಮತ್ತು ‘ಅಂಟಿಲ್’ ಗೊಂದಲ ಇದ್ದರೆ ಕನ್ನಡಕ್ಕೆ ಹೋಗಿ: ‘ಐದು ಗಂಟೆಯೊಳಗೆ ಕಳಿಸಿ’ ಅಂದರೆ ‘ಬೈ ಫೈವ್’, ‘ಐದು ಗಂಟೆಯವರೆಗೆ ಕಾಯಿರಿ’ ಅಂದರೆ ‘ಅಂಟಿಲ್ ಫೈವ್’. ‘ವಿದಿನ್ ಫೈವ್ ಓ ಕ್ಲಾಕ್’ ಅನ್ನಬೇಡಿ. ‘ವಿದಿನ್’ ಅಳತೆಗೆ ಮಾತ್ರ, ‘ವಿದಿನ್ ಎನ್ ಅವರ್’ ಅನ್ನುವ ಹಾಗೆ.

5. ‘ಇಂಗ್’ ಬೇಡದ ಕಡೆ ತೆಗೆಯಿರಿ

‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’, ‘ಐ ಆ್ಯಮ್ ನೋಯಿಂಗ್ ಹಿಮ್’. ಇಲ್ಲಿ ಕ್ರಿಯೆ ನಡೆಯುತ್ತಿಲ್ಲ, ಒಂದು ಸ್ಥಿತಿ ಇದೆ ಅಷ್ಟೇ. ಸ್ಥಿತಿ ಹೇಳುವ ಕ್ರಿಯಾಪದಗಳಿಗೆ ಸಾಮಾನ್ಯವಾಗಿ ‘ಇಂಗ್’ ಹತ್ತುವುದಿಲ್ಲ. ಪಟ್ಟಿ ಬಾಯಿಪಾಠ ಮಾಡುವ ಬದಲು ಕನ್ನಡದ ಬೇಕು, ಗೊತ್ತು, ಇಷ್ಟ, ಇದೆ ಈ ನಾಲ್ಕನ್ನು ನೆನಪಿಡಿ. ಇವಕ್ಕೆ ನೀವು ‘ಉತ್ತಿದ್ದೇನೆ’ ಸೇರಿಸಬಲ್ಲಿರಾ? ‘ಬೇಕುತ್ತಿದ್ದೇನೆ’ ಅನ್ನುವ ಮಾತೇ ಇಲ್ಲ. ಹಾಗೇ ವಾಂಟ್, ನೋ, ಲೈಕ್, ಹ್ಯಾವ್ ಕೂಡ.

ಒಂದು ಹಳ್ಳ ಮಾತ್ರ ಇದೆ. ‘ಅರ್ಥ ಆಗ್ತಿದೆ’, ‘ನೆನಪಾಗ್ತಿದೆ’ ಅಂತ ಕನ್ನಡದಲ್ಲಿ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅಂಡರ್‌ಸ್ಟ್ಯಾಂಡ್, ರಿಮೆಂಬರ್ ಎರಡೂ ‘ಇಂಗ್’ ಇಲ್ಲದೆ ಬರುತ್ತವೆ. ಇವೆರಡನ್ನು ಮಾತ್ರ ಬೇರೆ ಬರೆದಿಟ್ಟುಕೊಳ್ಳಿ. ‘ಹ್ಯಾವ್’ ಅಂದರೆ ಊಟ ಮಾಡುವುದು, ಅನುಭವಿಸುವುದು ಅನ್ನುವ ಅರ್ಥವಿದ್ದಾಗ ‘ಹ್ಯಾವಿಂಗ್ ಲಂಚ್’, ‘ಹ್ಯಾವಿಂಗ್ ಎ ಗುಡ್ ಟೈಮ್’ ಅನ್ನಬಹುದು, ಅಲ್ಲಿ ನಿಜಕ್ಕೂ ಏನೋ ನಡೆಯುತ್ತಿದೆ.

6. ಪ್ರತಿ ನಾಮಪದದ ಮುಂದೆ ಒಂದು ಪ್ರಶ್ನೆ ಕೇಳಿ

ನಾಮಪದದ ಮುಂದೆ ಕೂರುವ ‘ಎ’, ‘ಆ್ಯನ್’, ‘ದ’ಗಳಿಗೆ ಆರ್ಟಿಕಲ್ ಅನ್ನುತ್ತಾರೆ. ಕನ್ನಡದಲ್ಲಿ ಇವು ಇಲ್ಲ, ಹಾಗಾಗಿ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಪದ ಇಲ್ಲದಿರಬಹುದು, ಆ ತಿಳಿವಳಿಕೆ ನಮ್ಮಲ್ಲೂ ಇದೆ. ‘ಪುಸ್ತಕ ತಂದೆ’, ‘ಪುಸ್ತಕವನ್ನು ತಂದೆ’, ಎರಡನ್ನೂ ಜೋರಾಗಿ ಹೇಳಿ ನೋಡಿ. ಮೊದಲನೆಯದು ಯಾವುದೋ ಒಂದು ಪುಸ್ತಕ. ಎರಡನೆಯದು ಕೇಳಿದವರಿಗೆ ‘ಓ, ಆವತ್ತು ಹೇಳಿದ್ದೆಯಲ್ಲ, ಅದು’ ಅನ್ನಿಸುತ್ತದೆ. ‘ಎ ಬುಕ್’, ‘ದ ಬುಕ್’ ನಡುವಿನ ವ್ಯತ್ಯಾಸ ಹೆಚ್ಚುಕಡಿಮೆ ಇದೇ. ಎಲ್ಲ ವಾಕ್ಯಕ್ಕೂ ಈ ‘ಅನ್ನು’ ಲೆಕ್ಕ ಹೊಂದುವುದಿಲ್ಲ, ಆದರೆ ಕಿವಿ ಪಳಗಿಸಲು ಒಳ್ಳೆಯ ದಾರಿ.

ಕೇಳಬೇಕಾದ ಪ್ರಶ್ನೆ: ಯಾವುದು ಅಂತ ಕೇಳುವವರಿಗೆ ಗೊತ್ತಾ? ಗೊತ್ತಿದ್ದರೆ ‘ದ’. ಗೊತ್ತಿಲ್ಲ, ಎಣಿಸಬಹುದಾದ ಒಂದೇ ವಸ್ತು ಅಂದರೆ ‘ಎ’ ಅಥವಾ ‘ಆ್ಯನ್’. ಬಹುವಚನವೋ ಎಣಿಸಲಾಗದ್ದೋ ಆಗಿದ್ದು, ಸುಮ್ನೆ ಸಾಮಾನ್ಯವಾಗಿ ಹೇಳುತ್ತಿದ್ದರೆ ಏನೂ ಬೇಡ: ‘ಡಾಗ್ಸ್ ಆರ್ ಲಾಯಲ್’, ‘ವಾಟರ್ ಬಾಯ್ಲ್ಸ್’. ಗಮನಿಸಿ, ಗೊತ್ತಿರಬೇಕಾದದ್ದು ಕೇಳುವವರಿಗೆ. ಹೇಳುವ ನಿಮಗೆ ಯಾವಾಗಲೂ ಗೊತ್ತಿರುತ್ತದೆ, ಅದಕ್ಕೇ ಕೆಲವರು ಎಲ್ಲ ಕಡೆ ‘ದ’ ಸುರಿಯುತ್ತಾರೆ.

ಹೆಸರುಗಳ ವಿಷಯ ಬರೀ ರೂಢಿ, ಕಾರಣ ಹುಡುಕಿ ಸಮಯ ಕಳೆಯಬೇಡಿ. ನದಿ, ಸಾಗರ, ಪರ್ವತ ಶ್ರೇಣಿಗಳಿಗೆ ‘ದ’ ಬರುತ್ತದೆ: ದ ನೈಲ್, ದ ಹಿಮಾಲಯಾಸ್. ಒಂಟಿ ಶಿಖರಕ್ಕೆ ಬರುವುದಿಲ್ಲ: ಮೌಂಟ್ ಎವರೆಸ್ಟ್. ದೇಶಗಳಿಗೂ ಸಾಮಾನ್ಯವಾಗಿ ಇಲ್ಲ, ಆದರೆ ದ ನೆದರ್ಲೆಂಡ್ಸ್, ದ ಯುನೈಟೆಡ್ ಸ್ಟೇಟ್ಸ್ ಅನ್ನುತ್ತಾರೆ.

‘ಎ’ನಾ ‘ಆ್ಯನ್’ನಾ ಅನ್ನುವುದಕ್ಕೆ ಕನ್ನಡ ಲಿಪಿಯೇ ಉತ್ತರ ಕೊಡುತ್ತದೆ. ಆ ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಬರೆಯಿರಿ. ಸ್ವರದಿಂದ ಶುರುವಾದರೆ ‘ಆ್ಯನ್’, ವ್ಯಂಜನದಿಂದ ಶುರುವಾದರೆ ‘ಎ’. ಅಂಬ್ರೆಲಾ, ಅವರ್, ಆನೆಸ್ಟ್, ಎಂಬಿಎ ಎಲ್ಲ ಸ್ವರ, ಹಾಗಾಗಿ ‘ಆ್ಯನ್’. ಯೂನಿವರ್ಸಿಟಿ, ಯೂರೋಪಿಯನ್, ಯೂನಿಫಾರ್ಮ್ ಇವುಗಳಲ್ಲಿ ಮೊದಲ ಅಕ್ಷರ ಯಕಾರ. ‘ವನ್ ವೇ’ಯಲ್ಲಿ ವಕಾರ. ಇವಕ್ಕೆಲ್ಲ ‘ಎ’. ಇಂಗ್ಲಿಷಿನ ಕಾಗುಣಿತ ನೋಡಿ ಎಡವುವವರು ಕನ್ನಡದಲ್ಲಿ ಬರೆದರೆ ಎಡವುವುದಿಲ್ಲ. ಒಂದೇ ಎಚ್ಚರಿಕೆ: ನಮ್ಮಲ್ಲಿ ಎಲಿಫೆಂಟ್ ಅನ್ನು ‘ಯೆಲಿಫೆಂಟ್’, ಓಪನ್ ಅನ್ನು ‘ವೋಪನ್’ ಅನ್ನುವ ರೂಢಿ ಇದೆ. ಅನುಮಾನ ಬಂದರೆ ನಿಘಂಟಿನಲ್ಲಿ ಸ್ಪೀಕರ್ ಚಿತ್ರ ಒತ್ತಿ ಕೇಳಿ, ಆಮೇಲೆ ಬರೆಯಿರಿ. ಅಂದಹಾಗೆ, ‘ಆ್ಯನ್’ ಹಳೆಯದು, ‘ಒಂದು’ ಅನ್ನುವ ಪದದಿಂದಲೇ ಬಂದದ್ದು. ‘ಎ’ ಅದರ ಸವೆದ ರೂಪ. ಇವೆರಡರ ನಡುವೆ ಜನ ಎಷ್ಟು ಗೊಂದಲ ಮಾಡಿಕೊಂಡರೆಂದರೆ, ಹಿಂದೆ ‘ಎ ನೇಪ್ರನ್’ ಆಗಿದ್ದದ್ದು ‘ಆ್ಯನ್ ಏಪ್ರನ್’ ಆಗಿಹೋಯಿತು.

ನಾಮಪದದ ಹಂತದಲ್ಲೇ ವಚನವನ್ನೂ ನೋಡಿಬಿಡಿ. ‘ಎರಡು ಪೆನ್ನು’, ‘ಹತ್ತು ಮರ’ ಅಂತ ನಾವು ಸಂಖ್ಯೆ ಹೇಳಿದ ಮೇಲೆ ‘ಗಳು’ ಬಿಟ್ಟುಬಿಡುತ್ತೇವೆ. ಇಂಗ್ಲಿಷ್ ಬಿಡುವುದಿಲ್ಲ, ‘ಟೂ ಪೆನ್ಸ್’. ‘ವನ್ ಆಫ್ ಮೈ ಫ್ರೆಂಡ್’ ತಪ್ಪು ಯಾಕೆ ಅಂತ ಕೇಳುವವರು ‘ನನ್ನ ಗೆಳೆಯರಲ್ಲಿ ಒಬ್ಬ’ ಅನ್ನುವುದನ್ನು ನೋಡಿ: ‘ಗೆಳೆಯರಲ್ಲಿ’ ಬಹುವಚನ, ‘ಒಬ್ಬ’ ಏಕವಚನ. ಇಂಗ್ಲಿಷಿನಲ್ಲೂ ‘ವನ್ ಆಫ್ ಮೈ ಫ್ರೆಂಡ್ಸ್ ಈಸ್’.

ಮಾಹಿತಿಗಳು, ಸಲಹೆಗಳು ಅಂತ ಕನ್ನಡದಲ್ಲಿ ಎಣಿಸುತ್ತೇವೆ. ಇಂಗ್ಲಿಷಿನಲ್ಲಿ ಇನ್ಫರ್ಮೇಷನ್, ಅಡ್ವೈಸ್, ಫರ್ನಿಚರ್, ಲಗೇಜ್, ಇಕ್ವಿಪ್‌ಮೆಂಟ್, ಹೋಮ್‌ವರ್ಕ್, ಸಾಫ್ಟ್‌ವೇರ್ ಯಾವುದನ್ನೂ ಎಣಿಸುವುದಿಲ್ಲ. ಕೊನೆಗೆ ‘ಸ್’ ಇಲ್ಲ, ಮುಂದೆ ‘ಎ’ ಇಲ್ಲ. ಒಂದೇ ಅಂತ ಹೇಳಲೇಬೇಕಾದರೆ ‘ಎ ಪೀಸ್ ಆಫ್ ಅಡ್ವೈಸ್’. ನ್ಯೂಸ್ ಕೊನೆಯಲ್ಲಿ ‘ಸ್’ ಇದ್ದರೂ ಏಕವಚನವೇ, ‘ದ ನ್ಯೂಸ್ ಈಸ್ ಗುಡ್’. ಇದಕ್ಕೆ ಲಾಜಿಕ್ ಹುಡುಕಿದರೆ ಸಿಗುವುದಿಲ್ಲ, ನಿಘಂಟು ನೋಡಬೇಕು. ಲರ್ನರ್ಸ್ ಡಿಕ್ಷನರಿಯಲ್ಲಿ ಪದದ ಪಕ್ಕ ಎಣಿಸಬಹುದಾದ್ದಕ್ಕೆ ‘ಸಿ’, ಎಣಿಸಲಾಗದ್ದಕ್ಕೆ ‘ಯು’ ಅನ್ನುವ ಗುರುತು, ಇಲ್ಲವೇ ಅದನ್ನೇ ಬಿಡಿಸಿ ಬರೆದದ್ದು ಇರುತ್ತದೆ.

ಇಲ್ಲಿಯವರೆಗಿನ ಹಂತಗಳನ್ನು ಒಂದು ವಾಕ್ಯದ ಮೇಲೆ ಪ್ರಯೋಗಿಸೋಣ.

‘ಯೆಸ್ಟರ್ಡೇ ಐ ಹ್ಯಾಡ್ ಗಾನ್ ಟು ಲೈಬ್ರರಿ ಬಟ್ ಐ ಡಿಡ್ ನಾಟ್ ಗಾಟ್ ಎನಿ ಇನ್ಫರ್ಮೇಷನ್ಸ್.’

ಕರ್ತೃ, ಕ್ರಿಯಾಪದ ಇವೆ. ‘ಡಿಡ್’ ಆದಮೇಲೆ ‘ಗಾಟ್’ ಇದೆ, ಕಾಲದ ಗುರುತು ಎರಡು ಕಡೆ ಆಯಿತು, ‘ಗೆಟ್’ ಮಾಡಿ. ‘ಯೆಸ್ಟರ್ಡೇ’ ಇದೆ, ಅದಕ್ಕಿಂತ ಮುಂಚಿನದು ಅಂತ ತೋರಿಸುವಂಥದ್ದೇನೂ ಇಲ್ಲ, ಪ್ಲಾಟ್‌ಫಾರ್ಮ್ ಖಾಲಿಯಾಗಿಲ್ಲ, ಹಾಗಾಗಿ ‘ವೆಂಟ್’. ಲೈಬ್ರರಿ ಯಾವುದು ಅಂತ ಕೇಳುವವರಿಗೆ ಗೊತ್ತು, ನೀವು ದಿನಾ ಹೋಗುವುದೇ, ಅದಕ್ಕೆ ‘ದ’. ಇನ್ಫರ್ಮೇಷನ್ ಎಣಿಸುವಂತಿಲ್ಲ, ‘ಸ್’ ತೆಗೆಯಿರಿ. ಈಗ ಓದಿ: ‘ಯೆಸ್ಟರ್ಡೇ ಐ ವೆಂಟ್ ಟು ದ ಲೈಬ್ರರಿ, ಬಟ್ ಐ ಡಿಡ್ ನಾಟ್ ಗೆಟ್ ಎನಿ ಇನ್ಫರ್ಮೇಷನ್.’ ನಿಮ್ಮ ಇಪ್ಪತ್ತು ವಾಕ್ಯಗಳಿಗೂ ಹೀಗೇ ಮಾಡಿ. ಒಂದೇ ದಿನ ಎಲ್ಲ ಬೇಡ, ದಿನಕ್ಕೆ ನಾಲ್ಕೈದು ಸಾಕು.

7. ಇನ್, ಆನ್, ಅಟ್, ಅಬೌಟ್

ಇವುಗಳಿಗೆ ಪ್ರೆಪೊಸಿಷನ್ ಅಂತ ಹೆಸರು. ನಮ್ಮಲ್ಲಿ ನಾಮಪದದ ಹಿಂದೆ ಅಂಟುವ ‘ಅಲ್ಲಿ, ಇಗೆ, ಇಂದ’ ಮಾಡುವ ಕೆಲಸವನ್ನು ಇವು ನಾಮಪದದ ಮುಂದೆ ನಿಂತು ಮಾಡುತ್ತವೆ.

ಕಾಲಕ್ಕೆ ಸುಲಭದ ಲೆಕ್ಕ ಇದೆ. ಗಡಿಯಾರದ ಸಮಯಕ್ಕೆ ‘ಅಟ್’, ದಿನಕ್ಕೆ ‘ಆನ್’, ಅದಕ್ಕಿಂತ ದೊಡ್ಡದಕ್ಕೆ ‘ಇನ್’: ಅಟ್ ಫೈವ್, ಆನ್ ಮಂಡೇ, ಇನ್ ಮಾರ್ಚ್, ಇನ್ 2020. ‘ಇನ್ ದ ಮಾರ್ನಿಂಗ್’, ‘ಅಟ್ ನೈಟ್’ ಇವೆರಡನ್ನು ಹಾಗೇ ನೆನಪಿಡಿ. ವಾಹನಗಳಲ್ಲಿ, ಒಳಗೆ ನಿಂತು ಓಡಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ ‘ಆನ್’, ಬಗ್ಗಿ ಒಳಗೆ ಕೂರುವ ಕಾರಿಗೆ ‘ಇನ್’.

ತಪ್ಪುಗಳು ಜಾಸ್ತಿ ಕಾಣುವುದು ಬೇಡದ ಪ್ರೆಪೊಸಿಷನ್ ಸೇರಿಸುವುದರಲ್ಲಿ. ‘ವಿ ಡಿಸ್ಕಸ್ಡ್ ಅಬೌಟ್ ಇಟ್’. ‘ಅದರ ಬಗ್ಗೆ ಚರ್ಚಿಸಿದೆವು’ ಅನ್ನುವುದರ ‘ಬಗ್ಗೆ’ ಇಲ್ಲಿ ನುಸುಳಿದೆ. ಇನ್ನೊಂದು ಕಾರಣವೂ ಇದೆ, ಇದನ್ನು ಗಮನವಿಟ್ಟು ನೋಡಿ: ‘ಎ ಡಿಸ್ಕಷನ್ ಅಬೌಟ್’ ಸರಿ, ‘ಎ ರಿಕ್ವೆಸ್ಟ್ ಫಾರ್’ ಸರಿ, ‘ಎಂಫಸಿಸ್ ಆನ್’ ಸರಿ. ಇವೆಲ್ಲ ನಾಮಪದಗಳು. ಅವೇ ಕ್ರಿಯಾಪದಗಳಾದಾಗ, ಅಂದರೆ ಡಿಸ್ಕಸ್, ರಿಕ್ವೆಸ್ಟ್, ಎಂಫಸೈಸ್ ಆದಾಗ ಪ್ರೆಪೊಸಿಷನ್ ಉದುರಿಹೋಗುತ್ತದೆ. ಜೊತೆಗೆ ‘ರೀಚ್ಡ್ ಹೋಮ್’ (‘ಟು’ ಬೇಡ), ‘ಎಂಟರ್ಡ್ ದ ರೂಮ್’ (‘ಇಂಟು’ ಬೇಡ), ‘ಕೋಪ್ ವಿತ್’ (ನಡುವೆ ‘ಅಪ್’ ಬೇಡ). ಜೊತೆಗಿನ ಪದದ ಸಮೇತ ಕಲಿಯಬೇಕಾದವೂ ಇವೆ: ಮ್ಯಾರೀಡ್ ಟು, ಗುಡ್ ಅಟ್, ಡಿಪೆಂಡ್ ಆನ್, ಅಫ್ರೇಡ್ ಆಫ್. ‘ಲುಕ್ ಫಾರ್ವರ್ಡ್ ಟು’ ಆದಮೇಲೆ ‘ಹಿಯರಿಂಗ್’ ಬರಬೇಕು, ‘ಹಿಯರ್’ ಅಲ್ಲ. ಇಮೇಲುಗಳ ಕೊನೆಯಲ್ಲಿ ಈ ತಪ್ಪು ತುಂಬಾ ಕಾಣುತ್ತದೆ.

8. ಪ್ರಶ್ನೆ, ಅಲ್ವಾ, ಹೌದು, ಇಲ್ಲ

‘ನೀನು ಎಲ್ಲಿಗೆ ಹೋಗುತ್ತಿದ್ದೀಯ?’ ಇಲ್ಲಿ ಪದಗಳ ಜಾಗ ಬದಲಾಗುವುದಿಲ್ಲ, ಅದಕ್ಕೇ ‘ವೇರ್ ಯು ಆರ್ ಗೋಯಿಂಗ್?’ ಅನ್ನುತ್ತೇವೆ. ನೇರ ಪ್ರಶ್ನೆಯಲ್ಲಿ ಸಹಾಯಕ ಕ್ರಿಯಾಪದ ಕರ್ತೃವಿನ ಮುಂದಕ್ಕೆ ಬರಬೇಕು: ‘ವೇರ್ ಆರ್ ಯು ಗೋಯಿಂಗ್?’ ಇದನ್ನು ಕಲಿತವರು ಆಮೇಲೆ ಇನ್ನೊಂದು ಕಡೆ ಬೀಳುತ್ತಾರೆ. ಪ್ರಶ್ನೆ ದೊಡ್ಡ ವಾಕ್ಯದೊಳಗೆ ಸೇರಿದಾಗ ಕ್ರಮ ಮತ್ತೆ ನೆಟ್ಟಗಾಗಬೇಕು. ‘ಐ ಡೋಂಟ್ ನೋ ವೇರ್ ಈಸ್ ಹಿ’ ಅಲ್ಲ, ‘ವೇರ್ ಹಿ ಈಸ್’.

ನಮ್ಮ ‘ಅಲ್ವಾ’ ಎಲ್ಲ ವಾಕ್ಯಕ್ಕೂ ಹೊಂದುತ್ತದೆ. ‘ಈಸಂಟ್ ಇಟ್’ ಹಾಗಲ್ಲ. ವಾಕ್ಯದ ಸಹಾಯಕ ಕ್ರಿಯಾಪದವನ್ನೇ ತಿರುಗಿಸಿ ಕೇಳಬೇಕು: ‘ಯು ಆರ್ ಕಮಿಂಗ್, ಆರಂಟ್ ಯು?’, ‘ಹಿ ವೆಂಟ್, ಡಿಡಂಟ್ ಹಿ?’ ಮಾತಿನ ಭರದಲ್ಲಿ ಇದು ಹೊಳೆಯದಿದ್ದರೆ ಕೊನೆಗೆ ‘ರೈಟ್?’ ಅನ್ನಿ. ಎಲ್ಲ ವಾಕ್ಯಕ್ಕೂ ನಡೆಯುತ್ತದೆ, ತಪ್ಪೂ ಅಲ್ಲ.

ಹೌದು, ಇಲ್ಲ ವಿಷಯ ಮಾತ್ರ ಹಗುರವಾಗಿ ತಗೋಬೇಡಿ. ಇಲ್ಲಿ ತಪ್ಪಿದರೆ ಅರ್ಥವೇ ತಿರುಗಿಬೀಳುತ್ತದೆ. ‘ನೀನು ಬರಲ್ವಾ?’ ಅಂದರೆ ನಾವು ‘ಹೂಂ, ಬರಲ್ಲ’ ಅನ್ನುತ್ತೇವೆ. ಕೇಳಿದವರ ಊಹೆಯನ್ನು ಒಪ್ಪುವುದು ನಮ್ಮ ‘ಹೂಂ’. ಇಂಗ್ಲಿಷಿನ ‘ಯೆಸ್’, ‘ನೋ’ ಊಹೆಯ ಕಡೆ ನೋಡುವುದೇ ಇಲ್ಲ, ನಡೆಯುವ ಸಂಗತಿಯನ್ನು ಮಾತ್ರ ನೋಡುತ್ತವೆ. ಬರುವುದಾದರೆ ‘ಯೆಸ್’, ಬಾರದಿದ್ದರೆ ‘ನೋ’, ಪ್ರಶ್ನೆ ಹೇಗೇ ಇರಲಿ. ಇಂಟರ್‌ವ್ಯೂನಲ್ಲಿ ‘ಸೋ ಯು ಡೋಂಟ್ ಹ್ಯಾವ್ ಎನಿ ಎಕ್ಸ್‌ಪೀರಿಯನ್ಸ್?’ ಅಂತ ಕೇಳಿದಾಗ ಬರೀ ‘ಯೆಸ್’ ಅಂದರೆ, ಎದುರಿಗಿದ್ದವರಿಗೆ ಅನುಭವ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಬಚಾವಾಗುವ ದಾರಿ, ಯಾವತ್ತೂ ಒಂಟಿ ‘ಯೆಸ್’, ಒಂಟಿ ‘ನೋ’ ಹೇಳದಿರುವುದು. ಹಿಂದೆ ಎರಡು ಪದ ಸೇರಿಸಿ: ‘ನೋ, ಐ ಡೋಂಟ್’, ‘ಯೆಸ್, ಐ ಡೂ’.

9. ತಲೆಕೆಡಿಸಿಕೊಳ್ಳಬೇಡದ ನಿಯಮಗಳು

ವಾಕ್ಯದ ಕೊನೆಗೆ ಪ್ರೆಪೊಸಿಷನ್ ಬರಬಾರದು ಅಂತ ಯಾರಾದರೂ ನಿಮ್ಮನ್ನು ತಿದ್ದಿರಬಹುದು. 1672ರಲ್ಲಿ ಜಾನ್ ಡ್ರೈಡನ್ ಅನ್ನುವ ಕವಿ ಇದನ್ನು ದೋಷ ಅಂತ ಬರೆದ, ಅದು ಶಾಲೆಗಳವರೆಗೂ ಹರಿದುಬಂತು. ‘ಹೂ ಆರ್ ಯು ಟಾಕಿಂಗ್ ಟು?’ ಪೂರ್ತಿ ಸರಿಯಾದ ಇಂಗ್ಲಿಷ್. ವಾಕ್ಯವನ್ನು ‘ಆ್ಯಂಡ್’, ‘ಬಟ್’ನಿಂದ ಶುರು ಮಾಡುವುದೂ ತಪ್ಪಲ್ಲ.

ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬರಿಗೆ ‘ದೇ’ ಅನ್ನಬಹುದಾ ಅಂತಲೂ ಕೇಳುತ್ತಾರೆ. ಖಂಡಿತ ಅನ್ನಬಹುದು. ಈ ಬಳಕೆ 14ನೇ ಶತಮಾನದಿಂದಲೂ ಇದೆ. ಕನ್ನಡಿಗರಿಗೆ ಇದು ಹೊಸದಾಗಿ ಕಾಣಲೇಬಾರದು, ನಾವು ದಿನಾ ಒಬ್ಬರನ್ನೇ ‘ಅವರು’ ಅನ್ನುತ್ತೇವೆ. ‘ಸಮ್‌ವನ್ ಕಾಲ್ಡ್, ಬಟ್ ದೇ ಡಿಡ್ ನಾಟ್ ಲೀವ್ ಎ ಮೆಸೇಜ್’ ಅಂದರೆ ‘ಯಾರೋ ಫೋನ್ ಮಾಡಿದ್ದರು, ಅವರು ಏನೂ ಹೇಳಲಿಲ್ಲ’ ಅಂದ ಹಾಗೆ. ಒಬ್ಬರಿಗೇ ಹೇಳಿದರೂ ‘ಯು ಆರ್’ ಯಾಕೆ, ‘ಯು ಈಸ್’ ಯಾಕಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಹಿಂದೆ ಇಂಗ್ಲಿಷಿನಲ್ಲಿ ‘ನೀನು’ಗೆ ‘ದೌ’ ಅನ್ನುವ ಪದವಿತ್ತು, ‘ಯು’ ಬಹುವಚನವಾಗಿತ್ತು. ಮರ್ಯಾದೆಗೆ ಒಬ್ಬರನ್ನೂ ‘ಯು’ ಅನ್ನುತ್ತಾ ಅನ್ನುತ್ತಾ ‘ದೌ’ ಬಹುತೇಕ ಮರೆಯಾಯಿತು. ನಮ್ಮ ‘ನೀವು ಇದ್ದೀರಿ’ಯ ಹಾಗೇ, ಕ್ರಿಯಾಪದ ಮಾತ್ರ ಬಹುವಚನದಲ್ಲೇ ಉಳಿಯಿತು.

10. ಆದರೂ ಅನುಮಾನ ಉಳಿದರೆ

ಯಾರನ್ನಾದರೂ ಕೇಳಿ, ಆದರೆ ಕೇಳುವ ರೀತಿಯಲ್ಲಿ ಕೇಳಿ. ‘ಹ್ಯಾಡ್ ಯಾವಾಗ ಬಳಸಬೇಕು?’ ಅಂದರೆ ಯಾರೂ ಸರಿಯಾಗಿ ಉತ್ತರಿಸಲಾರರು. ಪೂರ್ತಿ ವಾಕ್ಯ ಕೊಡಿ, ಅದರ ಹಿಂದಿನ ವಾಕ್ಯವನ್ನೂ ಕೊಡಿ, ಕನ್ನಡದಲ್ಲಿ ಏನು ಹೇಳಬೇಕೆಂದಿದ್ದಿರಿ ಅನ್ನುವುದನ್ನೂ ಬರೆಯಿರಿ. ಇಂಗ್ಲಿಷಿನಲ್ಲಿ ಕೇಳುವುದಾದರೆ ‘ಐ ಹ್ಯಾವ್ ಎ ಡೌಟ್’ ಅಂತ ಶುರುಮಾಡಬೇಡಿ. ನಮಗೆ ಡೌಟ್ ಅಂದರೆ ಗೊತ್ತಾಗದೆ ಉಳಿದ ಪ್ರಶ್ನೆ, ಹೊರಗಿನವರ ಕಿವಿಗೆ ಅದು ನೀವು ಅವರ ಮಾತನ್ನು ನಂಬುತ್ತಿಲ್ಲ ಅಂತ ಕೇಳಿಸಬಹುದು. ‘ಐ ಹ್ಯಾವ್ ಎ ಕ್ವೆಶ್ಚನ್’ ಅನ್ನಿ.